ಎರಡೂವರೆ ಅಡಿಯ ದಾರಿ: ಒಂದು ಪ್ರವಾಸದ ಸಿದ್ಧತೆ

ನಮ್ಮ ಕಡೆ ಪ್ರವಾಸವೆಂದರೆ ಸಾಮಾನ್ಯವಾಗಿ ಎರಡೇ ಬಗೆ. ಹರಕೆ ತೀರಿಸಲು ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿಬರುವುದು ಒಂದು. ಶಾಲೆಯವರು ಬಸ್ಸು ಮಾಡಿ ಬೇಲೂರು, ಹಳೇಬೀಡು, ಜೋಗಗಳನ್ನು ಎರಡೇ ದಿನಗಳಲ್ಲಿ ತೋರಿಸಿ ಕರೆತರುವುದು ಇನ್ನೊಂದು. ಒಂದು ರೈಲುದಾರಿಯನ್ನು ನೋಡುವುದಕ್ಕೆಂದೇ ಯಾರಾದರೂ ಪ್ರವಾಸ ಹೋಗುವುದುಂಟೆ ಎಂದು ಕೇಳಿದರೆ ಅದು ತಪ್ಪಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ ಕೇಳಿದರು. "ರೈಲಲ್ಲಿ ಕೂತು ಊರಿಗೆ ಹೋಗೋದು ಸರಿ, ರೈಲು ನೋಡೋಕೆ ಅಂತ ಅಷ್ಟು ದೂರ ಹೋಗ್ತಾರೇನೆ?" ಎಂದು ಅಮ್ಮ ನಕ್ಕರು. ನಗದೆ ಇದ್ದವರು ತಾತ ಒಬ್ಬರೇ.

ತಾತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಶ್ರೀನಿವಾಸಪುರ, ಚಿಂತಾಮಣಿಗಳ ನಡುವಿನ ದಾರಿಯಲ್ಲಿ ಹಾರೆ, ಸುತ್ತಿಗೆ ಹಿಡಿದು ಬಿಸಿಲು ಮಳೆಗಳಲ್ಲಿ ನಡೆದವರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ನಮ್ಮ ತಂದೆ ಏಳನೆಯ ತರಗತಿಗೆ ನಿಂತರು. ನಮ್ಮ ಮನೆತನದಲ್ಲಿ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿದವಳು ನಾನೇ ಮೊದಲು. ಈ ಮಾತನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಈ ಪ್ರವಾಸದ ಯೋಚನೆ ಹುಟ್ಟಿದ್ದು ಅಲ್ಲಿಂದಲೇ ಆದ್ದರಿಂದ ಹೇಳಬೇಕಾಯಿತು. ಇತಿಹಾಸದ ಪಾಠದಲ್ಲಿ ರೈಲ್ವೆಯ ವಿಷಯ ಬಂದಾಗ ಗವರ್ನರ್ ಜನರಲ್ಲರ ಹೆಸರುಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಆದರೆ ತಾತ ಇಪ್ಪತ್ತೈದು ವರ್ಷಗಳ ಕಾಲ ಕಾಯ್ದ ಕಂಬಿಗಳ ಅಗಲವೆಷ್ಟು ಎಂಬುದು ನನಗೆ ಗೊತ್ತಿರಲಿಲ್ಲ. ಕೇಳಿದಾಗ ಅವರು ಒಳಗಿನಿಂದ ಒಂದು ಸೆಣಬಿನ ದಾರ ತಂದು, ಎರಡು ಕಡೆ ಗಂಟು ಹಾಕಿ, "ಇಷ್ಟು" ಎಂದು ಕೈಗೆ ಕೊಟ್ಟರು. ಸ್ಕೇಲಿಟ್ಟು ಅಳೆದೆ. ಎರಡೂವರೆ ಅಡಿಗೆ ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಆ ದಾರದ ಅಳತೆಯ ರೈಲು ನಮ್ಮ ಜಿಲ್ಲೆಯಲ್ಲಿ ಈಗ ಇಲ್ಲ. ಆದರೆ ದೇಶದ ಬೇರೆಡೆ ಇದೆ. ಅದನ್ನು ತಾತನಿಗೆ ಇನ್ನೊಮ್ಮೆ ತೋರಿಸಬೇಕು, ಅವರ ಕಣ್ಣಿನಿಂದ ನಾನೂ ನೋಡಬೇಕು ಎಂಬುದು ನನ್ನ ಆಸೆ. ಕಳೆದ ಒಂದು ವರ್ಷದಿಂದ ಆ ಪ್ರವಾಸಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದೇನೆ. ಆ ಸಿದ್ಧತೆಯಲ್ಲಿ ತಿಳಿದ ಸಂಗತಿಗಳನ್ನು, ಮಾಡಿದ ತಪ್ಪುಗಳನ್ನೂ ಸೇರಿಸಿ, ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಗೇಜು ಎಂದರೇನು?

ಎರಡು ಕಂಬಿಗಳ ಒಳ ಅಂಚುಗಳ ನಡುವಿನ ಅಂತರಕ್ಕೆ ಗೇಜು ಎಂದು ಹೆಸರು. ಪ್ರಪಂಚದ ಅನೇಕ ದೇಶಗಳಲ್ಲಿ ಇದು 1,435 ಮಿಲಿಮೀಟರ್. ಅದನ್ನು ಸ್ಟ್ಯಾಂಡರ್ಡ್ ಗೇಜ್ ಎನ್ನುತ್ತಾರೆ. ಅದಕ್ಕಿಂತ ಕಿರಿದಾದುದೆಲ್ಲ ಹೊರದೇಶದವರ ಲೆಕ್ಕದಲ್ಲಿ ನ್ಯಾರೋ ಗೇಜೇ. ನಮ್ಮ ದೇಶದಲ್ಲಿ ಮಾತ್ರ ಲೆಕ್ಕ ಬೇರೆ. 1,676 ಮಿಲಿಮೀಟರಿನದು, ಅಂದರೆ ಐದೂವರೆ ಅಡಿಯದು, ಬ್ರಾಡ್ ಗೇಜ್. 1,000 ಮಿಲಿಮೀಟರಿನದು ಮೀಟರ್ ಗೇಜ್. ಎರಡೂವರೆ ಅಡಿಯ 762 ಮಿಲಿಮೀಟರಿನದು ಮತ್ತು ಎರಡು ಅಡಿಯ 610 ಮಿಲಿಮೀಟರಿನದು ನ್ಯಾರೋ ಗೇಜ್. ಪ್ರವಾಸ ಹೊರಡುವವರು ಈ ಭೇದವನ್ನು ಮೊದಲೇ ತಿಳಿದಿರಬೇಕು. ಉದಾಹರಣೆಗೆ, ನಮಗೆ ಹತ್ತಿರದ ಊಟಿಯ ನೀಲಗಿರಿ ರೈಲನ್ನು ಹೊರದೇಶದ ಪುಸ್ತಕಗಳು ನ್ಯಾರೋ ಗೇಜ್ ಎಂದು ಕರೆದರೆ, ನಮ್ಮ ರೈಲ್ವೆಯವರ ಮಾತಿನಲ್ಲಿ ಅದು ಮೀಟರ್ ಗೇಜ್.

ಕಿರಿದಾದ ಗೇಜನ್ನು ಏಕೆ ಆರಿಸಿಕೊಂಡರು? ಮೊದಲ ಕಾರಣ ಹಣ. ಕಿರಿಯ ದಾರಿಗೆ ಕಡಿಮೆ ಜಮೀನು, ಕಡಿಮೆ ತೂಕದ ಕಂಬಿ, ಸಣ್ಣ ಸೇತುವೆ ಸಾಕು. ಎರಡನೆಯ ಕಾರಣ ತಿರುವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೈಲಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಬಿಗಿಯಾಗಿರುತ್ತವೆ. ಎತ್ತಿನಗಾಡಿಯ ಗಾಲಿಗಳಂತೆ ಒಂದೊಂದೂ ತನ್ನಷ್ಟಕ್ಕೆ ತಿರುಗುವುದಿಲ್ಲ. ದಾರಿ ತಿರುಗಿದಾಗ ಹೊರಗಿನ ಕಂಬಿ ಒಳಗಿನದಕ್ಕಿಂತ ಉದ್ದವಾಗುತ್ತದೆ. ಅರ್ಧ ಸುತ್ತಿನ ತಿರುವಿನಲ್ಲಿ ಬ್ರಾಡ್ ಗೇಜಿನ ಎರಡು ಕಂಬಿಗಳ ಉದ್ದದ ವ್ಯತ್ಯಾಸ ಸುಮಾರು ಐದೂಕಾಲು ಮೀಟರ್. ಎರಡೂವರೆ ಅಡಿಯ ಗೇಜಿನಲ್ಲಿ ಅದು ಸುಮಾರು 2.4 ಮೀಟರ್ ಮಾತ್ರ. ವ್ಯತ್ಯಾಸ ಕಡಿಮೆಯಾದಷ್ಟೂ ಗಾಲಿ ಉಜ್ಜುವುದು ಕಡಿಮೆ, ತಿರುವನ್ನು ಬಿಗಿಯಾಗಿಸುವುದು ಸುಲಭ. ಗುಡ್ಡವನ್ನು ಕಡಿದು ನೇರ ಹೋಗಲು ಹಣವಿಲ್ಲದ ಕಡೆ ಗುಡ್ಡದ ಮೈಯನ್ನು ಬಳಸಿಕೊಂಡೇ ಹೋಗಬಹುದು. ಇದೇ ಕಿರಿಯ ದಾರಿಯ ಗುಟ್ಟು.

ನಷ್ಟವೂ ಉಂಟು. ವೇಗ ಕಡಿಮೆ, ಹೊರೆ ಕಡಿಮೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ದೊಡ್ಡ ದಾರಿ ಸೇರುವ ನಿಲ್ದಾಣದಲ್ಲಿ ಪ್ರತಿ ಮೂಟೆಯನ್ನೂ ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಲಾರಿಗಳು ಹಳ್ಳಿ ಹಳ್ಳಿಗೂ ಬಂದ ಮೇಲೆ ಈ ದಾರಿಗಳು ಸೊರಗಿದ್ದಕ್ಕೆ ಮುಖ್ಯ ಕಾರಣ ಇದೇ. 1992ರಲ್ಲಿ ಭಾರತೀಯ ರೈಲ್ವೆ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆಯನ್ನು ಕೈಗೊಂಡಿತು. ಅಲ್ಲಿಂದ ಮುಂದೆ ಮೀಟರ್ ಗೇಜು, ನ್ಯಾರೋ ಗೇಜುಗಳು ಒಂದೊಂದಾಗಿ ಕಾಣೆಯಾದವು.

ನಮ್ಮ ಜಿಲ್ಲೆಯ ಚಿಕ್ಕ ರೈಲು

ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ, ಬೌರಿಂಗ್‌ಪೇಟೆಯಿಂದ. ಈಗಿನ ಬಂಗಾರಪೇಟೆಯೇ ಅಂದಿನ ಬೌರಿಂಗ್‌ಪೇಟೆ. ದಾರಿ ಎರಡೂವರೆ ಅಡಿಯದು. ಅದೇ ದಶಕದಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಅದು ಚಿಕ್ಕಬಳ್ಳಾಪುರ ಮುಟ್ಟಿತು. ಬೆಂಗಳೂರಿನ ಕಡೆಯಿಂದಲೂ ಯಲಹಂಕ, ದೇವನಹಳ್ಳಿಗಳನ್ನು ಹಾದು ಅದೇ ಅಳತೆಯ ಇನ್ನೊಂದು ದಾರಿ ಚಿಕ್ಕಬಳ್ಳಾಪುರಕ್ಕೆ ಬಂದಿತ್ತು. ನಮ್ಮ ಹಿರಿಯರು ಇದನ್ನು ಚಿಕ್ಕ ರೈಲು ಎನ್ನುತ್ತಿದ್ದರು. ಮಾವಿನಕಾಯಿಯ ಕುಕ್ಕೆ, ರೇಷ್ಮೆಗೂಡಿನ ಚೀಲ, ಸಂತೆಗೆ ಹೊರಟ ಹೆಂಗಸರು ಎಲ್ಲರಿಗೂ ಅದರಲ್ಲಿ ಜಾಗವಿತ್ತೆಂದು ಅಜ್ಜಿ ಹೇಳುತ್ತಾರೆ.

ಮುಂದೆ ಗೇಜು ಬದಲಾವಣೆಗಾಗಿ ಹಳೆಯ ಕಂಬಿಗಳನ್ನು ಕಿತ್ತರು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್ ಗೇಜಿನ ರೈಲು ಓಡತೊಡಗಿದ್ದು 2013ರಲ್ಲಿ. ಅದರಿಂದ ಅನುಕೂಲವಾಗಿದೆ, ಅಲ್ಲಗಳೆಯುವಂತಿಲ್ಲ. ಆದರೆ ನಡುವಿನ ಆ ರೈಲಿಲ್ಲದ ವರ್ಷಗಳಲ್ಲಿ ಚಿಕ್ಕ ರೈಲಿನ ಕೆಲಸ ಬಲ್ಲವರು ಬೇರೆ ಬೇರೆ ಕಡೆಗೆ ಚದುರಿಹೋದರು. ತಾತನೂ ಬೇರೆ ಜಿಲ್ಲೆಯ ದೊಡ್ಡ ದಾರಿಗೆ ವರ್ಗವಾಗಿ ಹೋಗಿ, ಅಲ್ಲಿಯೇ ನಿವೃತ್ತರಾದರು.

ಆದ್ದರಿಂದ ಇಂಥ ಪ್ರವಾಸ ಮನೆಯ ಬಾಗಿಲಿನಿಂದಲೇ ಆರಂಭವಾಗಬೇಕು ಎಂಬುದು ನನ್ನ ಮೊದಲ ಸಲಹೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ರೈಲು ಹತ್ತಿ ಕಿಟಕಿಯ ಹೊರಗೆ ನೋಡಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳಲ್ಲಿ ಹಳೆಯ ಕಾಲದ ಹೆಂಚಿನ ಕಟ್ಟಡಗಳಿವೆ. ಇವುಗಳ ಜೀರ್ಣೋದ್ಧಾರಕ್ಕೆ ಇನ್‌ಟ್ಯಾಕ್ ಸಂಸ್ಥೆ ಕೈಹಾಕಿತು. ಒಂದು ದಿನದ ಬಿಡುವು, ಒಂದು ಬುತ್ತಿ ಇದ್ದರೆ ಈ ಮೊದಲ ಪಾಠ ಮುಗಿಯುತ್ತದೆ. ಹಳೆಯ ಕಟ್ಟಡವೊಂದನ್ನು ನೋಡಿ ಅದರ ಮುಂದೆ ಓಡುತ್ತಿದ್ದ ಬಂಡಿಯ ಗಾತ್ರವನ್ನು ಊಹಿಸುವ ಅಭ್ಯಾಸವೂ ಆಗುತ್ತದೆ.

ಎರಡನೆಯ ಪಾಠ ಮೈಸೂರಿನದು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಸ್ಥಾಪಿತವಾಯಿತು. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿ 1899ರ ಮಹಾರಾಣಿಯವರ ಸಲೂನು ಇದೆ. ಜನರೆಲ್ಲ ಅದರ ಒಳಗಿನ ಸೊಬಗನ್ನು ನೋಡುತ್ತಿದ್ದರೆ ತಾತ ಮಾತ್ರ ಬಗ್ಗಿ ಅದರ ಕೆಳಗಿನ ಸ್ಪ್ರಿಂಗು, ಗಾಲಿಯ ಅಂಚು, ಕಂಬಿಯ ಮೊಳೆಗಳನ್ನು ನೋಡುತ್ತಿದ್ದರು. "ರಾಣಿ ಮೇಲೆ ಮಲಗಿದ್ಲು, ಕೆಳಗೆ ಎಚ್ಚರವಾಗಿದ್ದೋರು ಯಾರೋ ಇರ್ಬೇಕಲ್ಲ ಮಗಾ" ಎಂದರು. ವಸ್ತುಸಂಗ್ರಹಾಲಯವನ್ನು ನೋಡುವ ರೀತಿಯನ್ನು ನನಗೆ ಕಲಿಸಿದ್ದು ಆ ಒಂದು ಮಾತು.

ಉಳಿದಿರುವ ದಾರಿಗಳಲ್ಲಿ ಯಾವುದನ್ನು ಆರಿಸುವುದು?

ಭಾರತದ ಮೂರು ಬೆಟ್ಟದ ರೈಲುಗಳನ್ನು ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ: 1999ರಲ್ಲಿ ಡಾರ್ಜಿಲಿಂಗ್, 2005ರಲ್ಲಿ ನೀಲಗಿರಿ, 2008ರಲ್ಲಿ ಕಲ್ಕಾ–ಶಿಮ್ಲಾ. ಇವಲ್ಲದೆ ಮಹಾರಾಷ್ಟ್ರದ ನೇರಳ್–ಮಾಥೇರಾನ್ ದಾರಿಯೂ ಹಿಮಾಚಲದ ಕಾಂಗ್ಡಾ ಕಣಿವೆಯ ದಾರಿಯೂ ಇವೆ.

ಡಾರ್ಜಿಲಿಂಗಿನದು ಎರಡು ಅಡಿಯ ದಾರಿ. 1879ರಿಂದ 1881ರ ಒಳಗೆ ಕಟ್ಟಿದ್ದು. ಹಲ್ಲುಕಂಬಿಯ ಸಹಾಯವಿಲ್ಲದೆ 2,258 ಮೀಟರ್ ಎತ್ತರದ ಘೂಮ್ ನಿಲ್ದಾಣವನ್ನು ಅದು ಏರುತ್ತದೆ. ಏರು ಕಠಿಣವಾದಲ್ಲಿ ದಾರಿ ತನ್ನನ್ನೇ ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಇನ್ನು ಕೆಲವೆಡೆ ಬಂಡಿ ಮುಂದೆ ಹೋಗಿ, ಹಿಂದೆ ಸರಿದು, ಮತ್ತೆ ಮುಂದೆ ಹೋಗಿ ಒಂದೊಂದು ಮೆಟ್ಟಿಲನ್ನು ಹತ್ತುತ್ತದೆ. ಅಲ್ಲಿನ ಉಗಿ ಎಂಜಿನ್ನಿನ ಮುಂದೆ ಇಬ್ಬರು ಕುಳಿತು, ಗಾಲಿ ಜಾರದಂತೆ ಕಂಬಿಯ ಮೇಲೆ ಮರಳು ಚೆಲ್ಲುತ್ತಿದ್ದರು. ಈ ಸಂಗತಿಯನ್ನು ಓದಿ ಹೇಳಿದಾಗ ತಾತನಿಗೆ ಬಹಳ ಸಂತೋಷವಾಯಿತು. ಮಾಥೇರಾನಿನದೂ ಎರಡು ಅಡಿಯದೇ, 1907ರದು. ಮಳೆಗಾಲದಲ್ಲಿ ನೇರಳಿನಿಂದ ಮೇಲೇರುವ ಬಂಡಿಗಳನ್ನು ನಿಲ್ಲಿಸುತ್ತಾರೆ. ನೀಲಗಿರಿಯದು ಮೀಟರ್ ಗೇಜ್ ಎಂದು ಆಗಲೇ ಹೇಳಿದೆ.

ನಮ್ಮ ದಾರದ ಅಳತೆಗೆ ಸರಿಹೊಂದುವುದು ಎರಡು ಮಾತ್ರ: ಕಾಂಗ್ಡಾ ಮತ್ತು ಕಲ್ಕಾ–ಶಿಮ್ಲಾ. ಕಾಂಗ್ಡಾ ದಾರಿಯ ಚಕ್ಕಿ ನದಿಯ ಸೇತುವೆ 2022ರ ಆಗಸ್ಟಿನಲ್ಲಿ ಪ್ರವಾಹಕ್ಕೆ ಸಿಕ್ಕಿ ಕುಸಿದು, ಸಂಚಾರ ಬಹುಕಾಲ ಅಸ್ತವ್ಯಸ್ತವಾಯಿತು. ಆದ್ದರಿಂದ ನಾನು ಕಲ್ಕಾ–ಶಿಮ್ಲಾವನ್ನು ಆರಿಸಿಕೊಂಡೆ.

ಈ ದಾರಿಯ ಗೇಜಿಗೂ ಒಂದು ಕಥೆಯಿದೆ. ಮೊದಲು ಇದನ್ನು ಎರಡು ಅಡಿಯದಾಗಿ ಕಟ್ಟಲು ಹೊರಟಿದ್ದರು. ಸೇನೆಯ ಇಲಾಖೆ ಒಪ್ಪಲಿಲ್ಲ. ಯುದ್ಧಸಾಮಗ್ರಿ ಸಾಗಿಸುವ ದಾರಿಗಳೆಲ್ಲ ಒಂದೇ ಅಳತೆಯವಾಗಿರಲಿ ಎಂಬುದು ಅವರ ವಾದ. ಅದರಂತೆ 1901ರಲ್ಲಿ ಎರಡೂವರೆ ಅಡಿಯೆಂದು ನಿಶ್ಚಯವಾಯಿತು. 1903ರ ನವೆಂಬರಿನಲ್ಲಿ ರೈಲು ಓಡಿತು. ಉದ್ದ ಸುಮಾರು 96 ಕಿಲೋಮೀಟರ್. ಕಲ್ಕಾ 656 ಮೀಟರ್ ಎತ್ತರದಲ್ಲಿದ್ದರೆ ಶಿಮ್ಲಾ 2,076 ಮೀಟರ್. ಈಗ ಬಳಕೆಯಲ್ಲಿರುವ ಸುರಂಗಗಳು 102, ಸೇತುವೆಗಳು 800ಕ್ಕೂ ಹೆಚ್ಚು, ತಿರುವುಗಳು 919. ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 37 ಮೀಟರ್. ನಮ್ಮ ಕಾಲೇಜಿನ ಆಟದ ಮೈದಾನದಲ್ಲಿ ಅಂಥ ಅರ್ಧ ಸುತ್ತು ಹಾಕಿದರೂ ಇನ್ನೂ ಜಾಗ ಉಳಿದೀತು. ಏರು 33 ಅಡಿಗೆ ಒಂದು ಅಡಿಯಷ್ಟು. ಕನೋಹ್ ಬಳಿ ನಾಲ್ಕು ಅಂತಸ್ತಿನ ಕಮಾನುಗಳ ಸೇತುವೆಯೊಂದಿದೆ. ಗೋಡೆಯ ಮೇಲೆ ಗೋಡೆ ಇಟ್ಟಂತೆ ಕಲ್ಲಿನ ಕಮಾನುಗಳನ್ನು ಪೇರಿಸಿದ್ದಾರೆ.

ಭಾಲ್ಕು ಎಂಬ ಹಳ್ಳಿಗ

ಈ ದಾರಿಯ ಅತಿ ಉದ್ದದ ಸುರಂಗ 33ನೆಯದು, ಬಡೋಗ್ ಎಂಬಲ್ಲಿ. ಉದ್ದ 1,143 ಮೀಟರಿಗೂ ಹೆಚ್ಚು. ಬಡೋಗ್ ಎಂಬ ಇಂಗ್ಲಿಷ್ ಎಂಜಿನಿಯರ್ ಬೆಟ್ಟವನ್ನು ಎರಡು ಕಡೆಗಳಿಂದ ಕೊರೆಸತೊಡಗಿದನಂತೆ. ಎರಡು ಕೊರೆತಗಳು ನಡುವೆ ಸಂಧಿಸಲಿಲ್ಲ. ಸರ್ಕಾರ ಅವನಿಗೆ ಒಂದು ರೂಪಾಯಿ ದಂಡ ಹಾಕಿತು. ಅವಮಾನ ತಾಳದೆ ಅವನು ಪ್ರಾಣ ಕಳೆದುಕೊಂಡ ಎಂದು ಆ ಕಡೆಯವರು ಕಥೆ ಹೇಳುತ್ತಾರೆ. ಬಳಿಕ ಮುಖ್ಯ ಎಂಜಿನಿಯರ್ ಹ್ಯಾರಿಂಗ್ಟನ್ನನಿಗೆ ದಾರಿ ತೋರಿಸಿದವನು ಭಾಲ್ಕು. ಚೈಲ್ ಬಳಿಯ ಝಾಝಾ ಎಂಬ ಹಳ್ಳಿಯವನು, ಓದುಬರಹ ತಿಳಿಯದವನು. ಕೈಯ ಕೋಲಿನಿಂದ ಬಂಡೆಯನ್ನು ಬಡಿದು, ಆ ಸದ್ದನ್ನು ಕೇಳಿ, ಎಲ್ಲಿ ಕೊರೆಯಬೇಕೆಂದು ಹೇಳುತ್ತಿದ್ದನಂತೆ.

ಕಥೆಯಲ್ಲಿ ಎಷ್ಟು ಭಾಗ ಜನರ ಕಲ್ಪನೆಯೋ, ಅದು ಬೇರೆ ಮಾತು. ಆದರೆ 2011ರಲ್ಲಿ ಶಿಮ್ಲಾದಲ್ಲಿ ರೈಲ್ವೆಯವರು ವಸ್ತುಸಂಗ್ರಹಾಲಯ ತೆರೆದಾಗ ಅದಕ್ಕೆ ಇಟ್ಟ ಹೆಸರು ಬಾಬಾ ಭಾಲ್ಕು ರೈಲು ವಸ್ತುಸಂಗ್ರಹಾಲಯ. ಇದು ಕಥೆಯಲ್ಲ, ನಿಜ. ಈ ವಿಷಯವನ್ನು ಹೇಳಿದ ದಿನ ತಾತ ಜಗಲಿಯ ಮೇಲೆ ಕುಳಿತಿದ್ದರು. "ಓದು ಬರಾ ಇಲ್ದೋನ ಹೆಸ್ರು ಇಟ್ಟವ್ರಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅಂದು ರಾತ್ರಿ ಊಟಕ್ಕೆ ಕುಳಿತಾಗ, "ಕಂಬಿ ಸಡಿಲ ಆಗಿದ್ರೆ ಸುತ್ತಿಗೆ ಇಟ್ಟಾಗ ಸದ್ದು ಬೇರೆ ಬರುತ್ತೆ. ಅದು ನಂಗೂ ಗೊತ್ತಿತ್ತು" ಎಂದರು. ಅದುವರೆಗೆ ಈ ಮಾತನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಯಾವ ಕಾಲ, ಯಾವ ವಾರ?

ಬೆಟ್ಟದ ರೈಲಿಗೆ ಮಳೆಗಾಲ ಶತ್ರು. 2023ರ ಆಗಸ್ಟಿನಲ್ಲಿ ಶಿಮ್ಲಾ ಸಮೀಪದ ಸಮರ್ ಹಿಲ್ ಬಳಿ ಗುಡ್ಡ ಜರಿದು, ದಾರಿಯ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ, ಕಂಬಿಗಳು ಹಗ್ಗದ ಏಣಿಯಂತೆ ಗಾಳಿಯಲ್ಲಿ ತೂಗಾಡಿದವು. ಆ ಜರಿತದಲ್ಲಿ ದೇವಸ್ಥಾನದಲ್ಲಿದ್ದ ಅನೇಕರು ಪ್ರಾಣ ಕಳೆದುಕೊಂಡರು. ರೈಲು ಮತ್ತೆ ಶಿಮ್ಲಾ ಮುಟ್ಟಲು ಅಕ್ಟೋಬರ್ ಬರಬೇಕಾಯಿತು. ಆದುದರಿಂದ ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಆ ಕಡೆಗೆ ಹೊರಡಬಾರದು. ಮೇ, ಜೂನ್ ತಿಂಗಳುಗಳಲ್ಲಿ ಬಯಲುಸೀಮೆಯ ಜನವೆಲ್ಲ ತಂಪಿಗಾಗಿ ಅಲ್ಲಿಗೇ ಧಾವಿಸುತ್ತಾರೆ. ಚೀಟಿ ಸಿಗುವುದು ಕಷ್ಟ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿಮ. ಎಂಬತ್ತು ದಾಟಿದ ದೇಹಕ್ಕೆ ಆ ಚಳಿ ಸಲ್ಲದು. ಉಳಿಯುವುದು ಅಕ್ಟೋಬರ್. ಮಳೆ ನಿಂತು ಆಕಾಶ ತಿಳಿಯಾಗಿರುತ್ತದೆ, ಚಳಿ ಇನ್ನೂ ಬಲಿತಿರುವುದಿಲ್ಲ.

ಇಲ್ಲಿ ನನಗೊಂದು ಇಕ್ಕಟ್ಟು ಎದುರಾಯಿತು. ಕಾಲೇಜು ಮುಗಿದೊಡನೆ ಹೋಗೋಣವೆಂದರೆ ಮಳೆಗಾಲ. ಅಕ್ಟೋಬರಿಗೆ ಹೋಗೋಣವೆಂದರೆ ಅಷ್ಟರಲ್ಲಿ ನಾನು ವಿದ್ಯಾರ್ಥಿನಿಯಾಗಿರುವುದಿಲ್ಲ. ವಿದ್ಯಾರ್ಥಿಗಳ ರಿಯಾಯಿತಿ ನನಗೆ ಸಲ್ಲುವುದಿಲ್ಲ. ಬಹಳ ಯೋಚಿಸಿ ಅಕ್ಟೋಬರನ್ನೇ ಆರಿಸಿಕೊಂಡೆ. ಹಣವನ್ನು ಮನೆಪಾಠ ಹೇಳಿ ಕೂಡಿಸಬಹುದು. ಗುಡ್ಡದ ಮಳೆಯನ್ನು ನಿಲ್ಲಿಸಲಾಗದು.

ಇನ್ನು ವಾರದ ಲೆಕ್ಕ. ಇದನ್ನು ಕಲಿತದ್ದು ಪೆಟ್ಟು ತಿಂದು. ಮೊದಲನೆಯ ವರ್ಷದಲ್ಲಿದ್ದಾಗ ತಾತನನ್ನು ಒಂದೂರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಗಿನ ಜಾವ ಎದ್ದು, ಎರಡು ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ಮುಟ್ಟಿದರೆ ಬಾಗಿಲಿಗೆ ಬೀಗ. ಅಂದು ಅವರ ವಾರದ ರಜೆಯಂತೆ. ತಪ್ಪು ನನ್ನದೇ, ವಿಚಾರಿಸದೆ ಹೊರಟಿದ್ದೆ. ತಾತ ಬೇಸರ ತೋರಿಸಲಿಲ್ಲ. ಎದುರಿನ ಅಂಗಡಿಯಲ್ಲಿ ಟೀ ಕುಡಿದು, ಕಬ್ಬಿಣದ ಗೇಟಿನ ಸಂದಿಯಿಂದ ಒಂದು ಎಂಜಿನ್ನಿನ ಹೊಗೆಕೊಳವೆಯನ್ನು ನೋಡಿ, "ಬಂದಿದ್ದಕ್ಕೆ ಇಷ್ಟಾದ್ರೂ ಕಾಣ್ತಲ್ಲ" ಎಂದರು. ಆ ಮಾತು ನನ್ನನ್ನು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಆದ್ದರಿಂದ ಈ ಸಲ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಎಣಿಸಿದ್ದೇನೆ. ದೆಹಲಿಯ ಚಾಣಕ್ಯಪುರಿಯಲ್ಲಿ 1977ರಲ್ಲಿ ತೆರೆದ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯವಿದೆ. ಅದಕ್ಕೆ ಸೋಮವಾರ ರಜೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿಲೋಮೀಟರ್. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಗಳ ಪ್ರಯಾಣ. ಶನಿವಾರ ಸಂಜೆ ಹೊರಟರೆ ದೆಹಲಿ ಮುಟ್ಟುವುದು ಸೋಮವಾರ, ಅಂದರೆ ಮತ್ತೆ ಮುಚ್ಚಿದ ಬಾಗಿಲು. ಶುಕ್ರವಾರ ಸಂಜೆ ಹೊರಟರೆ ಭಾನುವಾರ ಬೆಳಗ್ಗೆ ಇಳಿದು, ಮಧ್ಯಾಹ್ನವೆಲ್ಲ ಸಂಗ್ರಹಾಲಯ ನೋಡಬಹುದು. ಅಲ್ಲಿ ಡಾರ್ಜಿಲಿಂಗಿನ ಎಂಜಿನ್ನೂ ಇದೆ, ಒಂದೇ ಕಂಬಿಯ ಮೇಲೆ ಓಡುತ್ತಿದ್ದ ಪಟಿಯಾಲಾ ಸಂಸ್ಥಾನದ ಬಂಡಿಯೂ ಇದೆ. ಒಂದು ಗಾಲಿಸಾಲು ಕಂಬಿಯ ಮೇಲೆ, ತೂಗು ಕಾಯುವ ದೊಡ್ಡ ಗಾಲಿ ರಸ್ತೆಯ ಮೇಲೆ! ಎರಡು ಅಡಿಗಿಂತಲೂ ಕಿರಿದಾದ ಗೇಜು ಉಂಟೆ ಎಂದು ಕೇಳುವವರಿಗೆ ಇದೇ ಉತ್ತರ.

ಭಾನುವಾರ ರಾತ್ರಿ ಹಳೆಯ ದೆಹಲಿಯಿಂದ ನೇತಾಜಿ ಎಕ್ಸ್‌ಪ್ರೆಸ್. 2021ರವರೆಗೆ ಇದರ ಹೆಸರು ಕಲ್ಕಾ ಮೇಲ್. ನಸುಕಿಗೆ ಮುಂಚೆ ಅದು ಕಲ್ಕಾ ತಲುಪುತ್ತದೆ. ಪಕ್ಕದಲ್ಲಿಯೇ ಚಿಕ್ಕ ರೈಲು. ಐದಾರು ಗಂಟೆಗಳ ಏರು. ಸೋಮವಾರ ಶಿಮ್ಲಾದಲ್ಲಿ ವಿಶ್ರಾಂತಿ. ಮಂಗಳವಾರ ಭಾಲ್ಕುವಿನ ಸಂಗ್ರಹಾಲಯ. ಬುಧವಾರ ಹಗಲು ರೈಲಿನಲ್ಲೇ ಇಳಿಯುವುದು. ಏರುವಾಗ ಒಂದು ಬದಿಯ ಕಿಟಕಿ, ಇಳಿಯುವಾಗ ಇನ್ನೊಂದು ಬದಿ. ರಾತ್ರಿಯ ಬಂಡಿಯಲ್ಲಿ ಇಳಿದರೆ ಅರ್ಧ ದಾರಿ ನೋಡಿದಂತೆಯೇ ಅಲ್ಲ. ಶಿಮ್ಲಾದಲ್ಲಿ ಕೆ.ಸಿ. 520 ಎಂಬ ಹಳೆಯ ಉಗಿ ಎಂಜಿನ್ನಿದೆ. ಗುಂಪಿನವರು ಇಡೀ ಬಂಡಿಯನ್ನೇ ಗೊತ್ತುಮಾಡಿದಾಗ ಅದನ್ನು ಕೈಥಲೀಘಾಟಿನವರೆಗೆ ಓಡಿಸಿದ್ದುಂಟು. ಅದು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ನಿಂತಿದ್ದರೆ ನೋಡಿ ಬರುತ್ತೇವೆ.

ಖರ್ಚು, ಚೀಟಿ, ಚೀಲ

ದೂರದ ರೈಲಿಗೆ ಮುಂಗಡ ಕಾದಿರಿಸುವ ಅವಧಿ 2024ರ ನವೆಂಬರಿನಿಂದ 60 ದಿನ. ಹೊರಡುವ ದಿನ ನಿಶ್ಚಯವಾದೊಡನೆ ಹಿಂದಕ್ಕೆ 60 ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚಿಯಲ್ಲಿ ನಿಂತುಹೋಯಿತು. ತಾತನಿಗೆ ನಿವೃತ್ತ ನೌಕರರ ಪಾಸು ಇರುವುದರಿಂದ ಅವರ ಚಿಂತೆಯಿಲ್ಲ. ಇಷ್ಟು ವರ್ಷ ಅದನ್ನು ಅವರು ಮದುವೆ ಮುಂಜಿಗಳಿಗಲ್ಲದೆ ಬಳಸಿದವರಲ್ಲ. ಇನ್ನೂ ಓದುತ್ತಿರುವ ನನ್ನ ಕಿರಿಯ ಸ್ನೇಹಿತರಿಗೆ ಒಂದು ಮಾತು: ಶೈಕ್ಷಣಿಕ ಪ್ರವಾಸಕ್ಕೆ ವಿದ್ಯಾರ್ಥಿಗಳ ರಿಯಾಯಿತಿ ಉಂಟು. ಪ್ರಾಂಶುಪಾಲರ ಸಹಿಯುಳ್ಳ ನಮೂನೆಯನ್ನು ಚೀಟಿಯ ಕಿಟಕಿಗೆ ತೆಗೆದುಕೊಂಡು ಹೋಗಬೇಕು. ಇತಿಹಾಸ ವಿಭಾಗದವರು ಗುಂಪಾಗಿ ಹೋಗುವುದಾದರೆ ಇದನ್ನು ಮರೆಯಬಾರದು.

ಚೀಲದಲ್ಲಿ ಸ್ವೆಟರು, ತಾತನ ಮಾತ್ರೆಗಳು, ಚಕ್ಕುಲಿ, ಹುರಿಟ್ಟು, ಒಂದು ನೋಟ್‌ಬುಕ್ಕು. ದೂರವಾಣಿಯಲ್ಲಿ ಚಿತ್ರ ತೆಗೆಯುವುದು ಸುಲಭ. ಆದರೆ ಚಿತ್ರದ ಕೆಳಗೆ ಯಾವ ನಿಲ್ದಾಣ, ಯಾವ ಹೊತ್ತು, ಏನು ಕಂಡಿತು ಎಂದು ಅಂದೇ ಬರೆದಿಡದಿದ್ದರೆ ಆರು ತಿಂಗಳಲ್ಲಿ ನೂರು ಚಿತ್ರಗಳೂ ಒಂದೇ ಆಗುತ್ತವೆ. ಕಂಬಿಗಳ ಮೇಲೆ ಇಳಿದು ಚಿತ್ರ ತೆಗೆಯುವುದು ಕಾನೂನಿಗೆ ವಿರೋಧ, ಪ್ರಾಣಕ್ಕೂ ಅಪಾಯ. ತಾತನ ಮುಂದೆ ಈ ಮಾತೆತ್ತಿದರೆ ಸಾಕು, ತಾವು ಕಂಡ ಒಂದು ಅಪಘಾತವನ್ನು ನೆನೆದು ಎದ್ದುಹೋಗುತ್ತಾರೆ.

ನೋಡುವುದು ಹೇಗೆ?

ಸಂಗ್ರಹಾಲಯಗಳಲ್ಲಿ ಎಂಜಿನ್ನಿನ ಮುಂದೆ ಒಂದು ಫಲಕವಿರುತ್ತದೆ. ಯಾವ ವರ್ಷ, ಯಾವ ಕಾರ್ಖಾನೆ, ಎಷ್ಟು ತೂಕ ಎಂದು ಬರೆದಿರುತ್ತಾರೆ. ಅದನ್ನು ಓದಬೇಕು. ಆದರೆ ಅಲ್ಲಿಗೆ ನಿಲ್ಲಬಾರದು. ಈ ಕಲ್ಲಿದ್ದಲನ್ನು ಒಡೆದವರಾರು, ಈ ತಿರುವಿನಲ್ಲಿ ಹೊರಗಿನ ಕಂಬಿಯನ್ನು ಎಷ್ಟು ಎತ್ತರಿಸಬೇಕೆಂದು ದಿನವೂ ನೋಡಿದವರಾರು, ಮಳೆಯ ರಾತ್ರಿ ಲಾಂದ್ರ ಹಿಡಿದು ಸುರಂಗದಾಚೆಯ ಬಂಡೆ ಜರಿದಿಲ್ಲವೆಂದು ತಿಳಿದು ಬಂದವರಾರು? ಫಲಕದಲ್ಲಿ ಇದಕ್ಕೆಲ್ಲ ಜಾಗವಿರುವುದಿಲ್ಲ. ಆ ಪ್ರಶ್ನೆಗಳನ್ನು ನಾವೇ ಬರೆದುಕೊಂಡು ಹೋಗಬೇಕು, ಹೋಗುವ ಮೊದಲು ನಮ್ಮೂರಿನ ಹಿರಿಯರನ್ನು ಕೇಳಬೇಕು. ನಾನು ತಾತನನ್ನು ಕೇಳಿ ಬರೆದುಕೊಂಡ ಪುಟಗಳು ಈಗ ನಲವತ್ತಾಗಿವೆ. ಗ್ಯಾಂಗಿನಲ್ಲಿ ಎಷ್ಟು ಜನ, ಜಲ್ಲಿ ತುಂಬುವಾಗ ಹಾಡುತ್ತಿದ್ದ ಪದದ ತಾಳ ಹೇಗೆ, ಬೇಸಗೆಯಲ್ಲಿ ಕಂಬಿ ಹಿಗ್ಗಿದರೆ ಏನು ಮಾಡುತ್ತಿದ್ದರು ಎಂಬುದೆಲ್ಲ ಅದರಲ್ಲಿದೆ.

ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳಿಂದ ನಮ್ಮ ಕಾಲೇಜಿಗೆ ಬರುವ ಅನೇಕರ ಮನೆಗಳಲ್ಲಿಯೂ ಇಂಥ ಒಬ್ಬ ತಾತನೋ ಅಜ್ಜಿಯೋ ಇದ್ದಾರು. ಚಿಕ್ಕ ರೈಲಿನಲ್ಲಿ ಕೆಲಸ ಮಾಡಿದವರ ಸಂಖ್ಯೆ ವರ್ಷ ವರ್ಷಕ್ಕೂ ಇಳಿಯುತ್ತಿದೆ. ಶಿಮ್ಲಾಕ್ಕೆ ಹೋಗಲು ಎಲ್ಲರಿಗೂ ಸಾಧ್ಯವಾಗದು. ಜಗಲಿಯವರೆಗೆ ಹೋಗಿ ಒಂದು ನೋಟ್‌ಬುಕ್ಕು ಬಿಚ್ಚಲು ಯಾವ ಚೀಟಿಯೂ ಬೇಕಿಲ್ಲ.

ನಮ್ಮ ಪ್ರವಾಸ ನಡೆದೇ ತೀರುತ್ತದೆಂದು ನಾನು ಹೇಳಲಾರೆ. ಅಷ್ಟು ಎತ್ತರಕ್ಕೆ ಹೋಗುವ ಮೊದಲು ಒಮ್ಮೆ ತೋರಿಸಿಕೊಂಡು ಹೋಗಿ ಎಂದು ವೈದ್ಯರು ಹೇಳಿದ್ದಾರೆ. ತಾತನ ಮಂಡಿನೋವು ಬೇರೆ. ಹೋಗಲಾಗದಿದ್ದರೆ ದಾರವನ್ನು ನಾನೊಬ್ಬಳೇ ತೆಗೆದುಕೊಂಡು ಹೋಗಬೇಕೆಂದು ಅವರ ಅಪ್ಪಣೆ. ಆದರೆ ಮೊನ್ನೆ ಕ್ಯಾಲೆಂಡರಿನಲ್ಲಿ ನಾನು ಗುರುತು ಹಾಕುತ್ತಿದ್ದಾಗ ಹಿಂದೆ ಬಂದು ನಿಂತು, "ಮಗಾ, ಕೆಳಗಿನ ಬರ್ತು ಸಿಗುತ್ತೇನೆ?" ಎಂದು ಕೇಳಿದರು.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ